‘ಕಂಪನಿ’: ಒಂದು ಶಬ್ದದ ಅರ್ಥಪರಂಪರೆ

ಶಬ್ದಗಳಿಗೂ ಚರಿತ್ರೆಯುಂಟು. ಅರಸರ ಚರಿತ್ರೆಯಂತೆ ಅದು ಕಲ್ಲಿನಲ್ಲಿ ಕೆತ್ತಲ್ಪಟ್ಟು ನಿಲ್ಲುವುದಿಲ್ಲ. ಜನರ ನಾಲಗೆಯ ಮೇಲೆ ಹುಟ್ಟಿ, ಅಲ್ಲಿಯೇ ಮಾರ್ಪಟ್ಟು, ಒಂದು ತಲೆಮಾರಿನಿಂದ ಮತ್ತೊಂದಕ್ಕೆ ಸಾಗಿಬರುತ್ತದೆ. ಆದುದರಿಂದಲೇ ನಾವು ದಿನಕ್ಕೆ ಹತ್ತು ಸಲ ಆಡುವ ಶಬ್ದದ ಬೆನ್ನಿಗೆ ಎಷ್ಟು ಶತಮಾನಗಳ ಬಾಳು ಅಂಟಿಕೊಂಡಿದೆ ಎಂಬುದು ಸಾಮಾನ್ಯವಾಗಿ ನಮ್ಮ ಗಮನಕ್ಕೆ ಬರುವುದಿಲ್ಲ. ಅಂಥ ಶಬ್ದಗಳಲ್ಲಿ ‘ಕಂಪನಿ’ ಎಂಬುದೂ ಒಂದು.

ಇದು ಇಂಗ್ಲಿಷಿನ ಶಬ್ದ. ಆದರೆ ಅಕ್ಷರವರಿಯದ ಕನ್ನಡಿಗನಿಗೂ ಇದು ಪರಕೀಯವಲ್ಲ. ‘ಮಗನಿಗೆ ಬೆಂಗಳೂರಿನ ಕಂಪನಿಯಲ್ಲಿ ಕೆಲಸ ಸಿಕ್ಕಿದೆ’ ಎಂದು ತಂದೆ ಹೇಳುತ್ತಾನೆ. ‘ಕಂಪನಿ ನಾಟಕದ ಹಾಡುಗಳು ಇನ್ನೂ ಕಿವಿಯಲ್ಲಿವೆ’ ಎಂದು ಹಿರಿಯರು ನೆನೆಯುತ್ತಾರೆ. ‘ಕುಂಪಣಿ ಸರಕಾರದ ಕಾಲದಲ್ಲಿ’ ಎಂದು ಲಾವಣಿಕಾರನು ಕಥೆಯನ್ನು ತೆಗೆಯುತ್ತಾನೆ. ರಜೆಯಲ್ಲಿ ಊರಿಗೆ ಬಂದ ಯೋಧನು ತನ್ನ ‘ಕಂಪನಿ’ ಈಗ ಯಾವ ಗಡಿಯಲ್ಲಿದೆಯೆಂದು ತಿಳಿಸುತ್ತಾನೆ. ‘ಪ್ರಯಾಣಕ್ಕೆ ಯಾರಾದರೂ ಕಂಪನಿ ಇದ್ದರೆ ಬೇಸರವಾಗುವುದಿಲ್ಲ’ ಎಂದು ಪೇಟೆಯ ತರುಣನು ಅನ್ನುತ್ತಾನೆ.

ವಾಕ್ಯಗಳು ಐದು, ಶಬ್ದ ಒಂದೇ. ಇವುಗಳಲ್ಲಿ ಒಂದರ ಅರ್ಥ ಇನ್ನೊಂದಕ್ಕೆ ಹೊಂದುವುದಿಲ್ಲ. ಉದ್ಯಮ, ನಾಟಕಮಂಡಳಿ, ರಾಜ್ಯಾಡಳಿತ, ಸೈನ್ಯದ ಒಂದು ವಿಭಾಗ, ಜೊತೆಗಾರಿಕೆ, ಇಷ್ಟೆಲ್ಲವೂ ಒಂದೇ ಹೆಸರಿನೊಳಗೆ ಹೇಗೆ ಕೂಡಿಬಂದವು? ಹೀಗೆ ಕೂಡಿಬರುವಾಗ ಆ ಹೆಸರು ಏನನ್ನು ಉಳಿಸಿಕೊಂಡಿತು, ಏನನ್ನು ಕಳೆದುಕೊಂಡಿತು? ಇದನ್ನು ಕ್ರಮವಾಗಿ ನೋಡುವುದೇ ಪ್ರಸ್ತುತ ಲೇಖನದ ಉದ್ದೇಶ.

ರೊಟ್ಟಿಯ ಬಂಧ

ಈ ಶಬ್ದದ ಬೇರು ಲ್ಯಾಟಿನ್ ಭಾಷೆಯಲ್ಲಿದೆ. ‘ಕುಮ್’ ಎಂದರೆ ಕೂಡ, ಸಹ. ‘ಪಾನಿಸ್’ ಎಂದರೆ ರೊಟ್ಟಿ. ಎರಡೂ ಕೂಡಿ ಆದದ್ದು ‘ಕಂಪಾನಿಯೊ’, ಅಂದರೆ ರೊಟ್ಟಿಯನ್ನು ಕೂಡಿ ಉಣ್ಣುವವನು. ಕುತೂಹಲದ ಸಂಗತಿಯೆಂದರೆ, ಇದು ಸಿಸೆರೊ, ವರ್ಜಿಲರಂಥ ಪ್ರಾಚೀನ ಗ್ರಂಥಕರ್ತರ ಶಿಷ್ಟ ಲ್ಯಾಟಿನ್ನಿನ ಶಬ್ದವಲ್ಲ. ರೋಮಿನ ಪ್ರಭುತ್ವ ಕುಸಿದ ಬಳಿಕ ಜರ್ಮಾನಿಕ್ ಜನಾಂಗಗಳು ನೆಲೆಗೊಂಡ ನಾಡುಗಳ ಲ್ಯಾಟಿನ್ನಿನಲ್ಲಿ, ಫ್ರಾಂಕರ ಸಾಲಿಕ್ ಕಾನೂನಿನ ಪಾಠಗಳಲ್ಲಿ, ಇದು ಕಾಣಿಸಿಕೊಳ್ಳುತ್ತದೆ. ಗಾಥಿಕ್ ಭಾಷೆಯಲ್ಲಿ ಇದೇ ಅಚ್ಚಿನ ‘ಗಹ್ಲೈಬ’ ಎಂಬ ಶಬ್ದವಿದೆ. ಅದರಲ್ಲಿಯೂ ಮೊದಲ ಭಾಗ ‘ಸಹ’, ಎರಡನೆಯ ಭಾಗ ‘ರೊಟ್ಟಿ’. ಆ ಜನರ ನುಡಿಯನ್ನೇ ಲ್ಯಾಟಿನ್ನಿಗೆ ತಿರುಗಿಸಿ ‘ಕಂಪಾನಿಯೊ’ ಎಂಬುದನ್ನು ಕಟ್ಟಿರಬೇಕೆಂದು ಭಾಷಾಶಾಸ್ತ್ರಜ್ಞರು ಊಹಿಸುತ್ತಾರೆ. ದಂಡಿನಲ್ಲಿ ಒಂದೇ ಬುತ್ತಿಯನ್ನು ಹಂಚಿಕೊಂಡು ಉಂಡವರು ಪರಸ್ಪರ ಸಂಗಾತಿಗಳು ಎಂಬ ಭಾವನೆ ಅದರ ಮೂಲದಲ್ಲಿದೆ. ಊಟದ ಪಂಕ್ತಿಯು ಸಂಬಂಧದ ಅಳತೆಗೋಲೆಂಬುದನ್ನು ದಾಸೋಹದ ಪರಂಪರೆಯುಳ್ಳ ಓದುಗರಿಗೆ ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ.

ಇಲ್ಲಿ ಇಂಗ್ಲಿಷಿನ ಇನ್ನೊಂದು ಶಬ್ದವನ್ನೂ ಜೊತೆಗಿಟ್ಟು ನೋಡುವುದು ಉಪಯುಕ್ತ. ಒಡೆಯ ಎಂಬರ್ಥದ ‘ಲಾರ್ಡ್’ ಎಂಬುದರ ಹಳೆಯ ರೂಪ ‘ಹ್ಲಾಫ್‌ವೆಅರ್ಡ್’. ‘ಹ್ಲಾಫ್’ ಎಂದರೆ ರೊಟ್ಟಿ, ‘ವೆಅರ್ಡ್’ ಎಂದರೆ ಕಾಯುವವನು. ಒಡತಿಯೆಂಬರ್ಥದ ‘ಲೇಡಿ’ ಎಂಬುದು ರೊಟ್ಟಿಯ ಹಿಟ್ಟನ್ನು ನಾದುವವಳು ಎಂಬ ಪದದಿಂದ ಬಂದದ್ದು. ಹೀಗೆ ಒಂದೇ ರೊಟ್ಟಿಯಿಂದ ಎರಡು ಬಗೆಯ ಸಂಬಂಧಗಳು ಹುಟ್ಟಿದವು. ರೊಟ್ಟಿಯನ್ನು ತನ್ನ ವಶದಲ್ಲಿಟ್ಟುಕೊಂಡು ಕಾಯುವವನು ಒಡೆಯನಾದನು. ರೊಟ್ಟಿಯನ್ನು ಹಂಚಿಕೊಂಡವರು ಸಂಗಾತಿಗಳಾದರು. ಮೊದಲನೆಯದು ಮೇಲು-ಕೀಳಿನ ಸಂಬಂಧ, ಎರಡನೆಯದು ಸಮಾನರ ಸಂಬಂಧ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೆ ಮುಂದಿನ ಚರಿತ್ರೆ ಸುಲಭವಾಗಿ ತಿಳಿಯುತ್ತದೆ.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ತರುವಾಯ ಫ್ರೆಂಚ್ ಭಾಷೆಯ ಸಾವಿರಾರು ಶಬ್ದಗಳು ಇಂಗ್ಲಿಷಿಗೆ ಹರಿದುಬಂದವು. ‘ಕಂಪನಿ’ಯೂ ಹಾಗೆ ಹದಿಮೂರನೆಯ ಶತಮಾನದ ಹೊತ್ತಿಗೆ ಅಲ್ಲಿ ನೆಲೆಯೂರಿತು. ಆಗ ಅದರ ಅರ್ಥ ಜೊತೆ, ಸಹವಾಸ, ಒಟ್ಟುಗೂಡಿದ ಜನ ಎಂಬಷ್ಟೇ. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಚಾಸರ್ ಕವಿಯು ತನ್ನ ‘ಕ್ಯಾಂಟರ್‌ಬರಿ ಟೇಲ್ಸ್’ ಕಾವ್ಯದಲ್ಲಿ ಯಾತ್ರಾರ್ಥಿಗಳ ಗುಂಪನ್ನು ಈ ಶಬ್ದದಿಂದಲೇ ಕರೆದಿದ್ದಾನೆ. ಸರದಾರ, ಗಿರಣಿಯವನು, ಸಂನ್ಯಾಸಿನಿ, ವ್ಯಾಪಾರಿ ಮೊದಲಾದ ಹಲವು ಅಂತಸ್ತಿನವರು ಆ ಗುಂಪಿನಲ್ಲಿದ್ದಾರೆ. ದಾರಿಯ ಬೇಸರವನ್ನು ಕಳೆಯಲು ಎಲ್ಲರೂ ಕಥೆ ಹೇಳಬೇಕು, ಅತ್ಯುತ್ತಮವಾಗಿ ಹೇಳಿದವನಿಗೆ ಉಳಿದವರೆಲ್ಲರ ಖರ್ಚಿನಲ್ಲಿ ರಾತ್ರಿಯ ಊಟ ಎಂಬುದು ಅವರ ಒಪ್ಪಂದ. ಕವಿಯು ಶಬ್ದದ ಮೂಲವನ್ನು ಯೋಚಿಸಿ ಹೀಗೆ ಬರೆದನೋ ಇಲ್ಲವೋ, ಕಂಪನಿಯು ಊಟದ ಮನೆಯಲ್ಲಿ ಹುಟ್ಟಿ ಊಟದ ಮನೆಗೇ ಮರಳುವುದೆಂಬುದು ಅಲ್ಲಿ ತಾನಾಗಿ ಮೂಡಿಬಂದಿದೆ.

ಈ ಹಳೆಯ ಅರ್ಥ ಇಂಗ್ಲಿಷಿನಲ್ಲಿ ಇಂದಿಗೂ ಬತ್ತಿಲ್ಲ. ಮನೆಗೆ ಅತಿಥಿಗಳು ಬರುತ್ತಾರೆನ್ನಲು ‘ಕಂಪನಿ ಬರುತ್ತಿದೆ’ ಎನ್ನುತ್ತಾರೆ. ದಾರಿ ಬೇರೆಯಾದವರು, ಸ್ನೇಹ ಮುರಿದವರು ‘ಕಂಪನಿ ಬಿಟ್ಟರು’. ಒಬ್ಬನ ಗುಣವನ್ನು ಅವನ ಸಹವಾಸದಿಂದ ಅಳೆಯುವ ಗಾದೆಯಲ್ಲಿಯೂ, ಇಬ್ಬರ ನಡುವೆ ಮೂರನೆಯವನು ಹೆಚ್ಚೆಂದು ಹೇಳುವ ಗಾದೆಯಲ್ಲಿಯೂ ಬರುವುದು ಇದೇ ಶಬ್ದ. ಸಂಗೀತದಲ್ಲಿ ಪಕ್ಕವಾದ್ಯಕ್ಕೆ ಅವರು ಹೇಳುವ ಹೆಸರೂ ಇದೇ ಬೇರಿನಿಂದ ಚಿಗುರಿದ್ದು.

ಕಸುಬು, ಕತ್ತಿ, ರಂಗಭೂಮಿ

ಸಹವಾಸದಿಂದ ಸಂಸ್ಥೆಗೆ ಒಂದೇ ಹೆಜ್ಜೆ. ಮಧ್ಯಯುಗದ ಲಂಡನ್ ನಗರದಲ್ಲಿ ಒಂದೊಂದು ಕಸುಬಿನವರು ಒಂದೊಂದು ಕೂಟವನ್ನು ಕಟ್ಟಿಕೊಂಡಿದ್ದರು. ಅಕ್ಕಸಾಲಿಗರ ಕೂಟಕ್ಕೆ 1327ರಲ್ಲಿ, ಜವಳಿ ವ್ಯಾಪಾರಿಗಳಾದ ಮರ್ಸರರ ಕೂಟಕ್ಕೆ 1394ರಲ್ಲಿ ಅರಸರಿಂದ ಸನ್ನದುಗಳು ದೊರೆತವು. ಕಾಲಕ್ರಮದಲ್ಲಿ ಇವಕ್ಕೆಲ್ಲ ‘ಕಂಪನಿ’ ಎಂಬ ಹೆಸರು ನಿಂತಿತು. ತೂಕ, ಅಳತೆ, ಸರಕಿನ ಗುಣ ಇವುಗಳನ್ನು ಪರೀಕ್ಷಿಸುವುದು, ಹುಡುಗರನ್ನು ಶಿಷ್ಯವೃತ್ತಿಯಲ್ಲಿಟ್ಟು ಕಸುಬು ಕಲಿಸುವುದು, ದುಡಿಯಲಾರದ ಸದಸ್ಯರಿಗೂ ತೀರಿಹೋದವರ ವಿಧವೆಯರಿಗೂ ನೆರವಾಗುವುದು ಇವುಗಳ ಕೆಲಸವಾಗಿತ್ತು. ಪ್ರತಿಯೊಂದು ಪ್ರಮುಖ ಕಂಪನಿಗೂ ತನ್ನದೇ ಆದ ಸಭಾಭವನ, ಅಲ್ಲಿ ಸಹಭೋಜನ. ಹೊರಗಿನವರನ್ನು ಆ ಕಸುಬಿಗೆ ಸೇರಗೊಡದ ಸ್ವಾರ್ಥವೂ ಇವುಗಳಲ್ಲಿತ್ತೆಂಬುದನ್ನು ಮರೆಯಬಾರದು. ಆದರೂ ಸದಸ್ಯನು ಸದಸ್ಯನ ಮುಖವನ್ನು ಬಲ್ಲವನಾಗಿದ್ದನು. ಇಂಥ ನೂರಕ್ಕೂ ಹೆಚ್ಚು ಕಂಪನಿಗಳು ಲಂಡನ್ನಿನಲ್ಲಿ ಇಂದಿಗೂ ಇವೆ, ಬಹುಮಟ್ಟಿಗೆ ದಾನಧರ್ಮದ ಹಾಗೂ ವಿದ್ಯಾಪೋಷಣೆಯ ಸಂಸ್ಥೆಗಳಾಗಿ. ಸಾಹಿತ್ಯದ ವಿದ್ಯಾರ್ಥಿಗಳು ಇವುಗಳಲ್ಲಿ ಒಂದನ್ನು ವಿಶೇಷವಾಗಿ ಗಮನಿಸಬೇಕು. ಮುದ್ರಕರ, ಪುಸ್ತಕ ವ್ಯಾಪಾರಿಗಳ ಸ್ಟೇಷನರ್ಸ್ ಕಂಪನಿಗೆ 1557ರಲ್ಲಿ ಸನ್ನದು ದೊರೆಯಿತು. ಅದು ಇಟ್ಟ ದಾಖಲೆಪುಸ್ತಕವೇ ಷೇಕ್ಸ್‌ಪಿಯರ್ ಮೊದಲಾದವರ ಕೃತಿಗಳ ಕಾಲನಿರ್ಣಯಕ್ಕೆ ಇಂದು ಮುಖ್ಯ ಆಧಾರಗಳಲ್ಲೊಂದು.

ಇದೇ ಕಾಲದಲ್ಲಿ ಇಟಲಿಯಲ್ಲಿ ‘ಕಂಪಾನ್ಯಾ’ ಎಂಬ ಹೆಸರು ಎರಡು ಕಡೆ ಬಳಕೆಯಲ್ಲಿತ್ತು. ಒಂದು, ಫ್ಲಾರೆನ್ಸಿನ ಬಾರ್ದಿ, ಪೆರುಜ್ಜಿ ಮುಂತಾದ ಮನೆತನಗಳ ಲೇವಾದೇವಿ ಕೂಟಗಳು. ಒಂದೇ ಮನೆಯಲ್ಲಿ ಉಣ್ಣುವ ಬಂಧುಗಳೂ ಅವರಿಗೆ ಹೊಂದಿಕೊಂಡ ಪಾಲುದಾರರೂ ಕೂಡಿ ಬಂಡವಾಳ ಹೂಡುತ್ತಿದ್ದರು. ನಷ್ಟವಾದರೆ ಮನೆಮಾರನ್ನೂ ಮಾರಿ ಸಾಲ ತೀರಿಸಬೇಕಾಗಿತ್ತು. 1340ರ ದಶಕದಲ್ಲಿ ಈ ಎರಡು ಮನೆತನಗಳೂ ದಿವಾಳಿಯೆದ್ದವು. ಇಂಗ್ಲೆಂಡಿನ ಮೂರನೆಯ ಎಡ್ವರ್ಡ್ ದೊರೆಗೆ ಕೊಟ್ಟ ಸಾಲ ಹಿಂದಿರುಗದೆ ಹೋದದ್ದು ಅದಕ್ಕೆ ಒಂದು ಕಾರಣವೆಂದು ಹೇಳುತ್ತಾರೆ. ಇನ್ನೊಂದು, ಕೂಲಿಗೆ ಕಾದುವ ಸೈನಿಕರ ಪಡೆಗಳು. ಜಾನ್ ಹಾಕ್‌ವುಡ್ ಎಂಬ ಇಂಗ್ಲಿಷ್ ಸೇನಾನಿಯ ‘ಶ್ವೇತ ಕಂಪನಿ’ಯು ಹಣ ಕೊಟ್ಟ ನಗರದ ಪರವಾಗಿ ಮತ್ತೊಂದು ನಗರದ ಮೇಲೆ ಬೀಳುತ್ತಿತ್ತು. ಸೈನ್ಯದಲ್ಲಿ ಕಂಪನಿಯೆಂದರೆ ಒಬ್ಬ ಅಧಿಕಾರಿಯ ಕೈಕೆಳಗಿನ ನೂರು ಚಿಲ್ಲರೆ ಜನರ ವಿಭಾಗವೆಂದು ಇಂದು ರೂಢಿಯಲ್ಲಿರುವ ಅರ್ಥದ ಹಿಂದೆ ಈ ಪರಂಪರೆಯಿದೆ. ಬುತ್ತಿಯನ್ನು ಹಂಚಿಕೊಳ್ಳುವ ಮೂಲಾರ್ಥ ಒಂದು ರೀತಿಯಲ್ಲಿ ಅಲ್ಲಿ ಇನ್ನೂ ಜೀವಂತವಾಗಿದೆ.

ರಂಗಭೂಮಿಗೂ ಈ ಹೆಸರು ಬಂದಿತು. ಷೇಕ್ಸ್‌ಪಿಯರ್ ಮಹಾಕವಿಯು 1594ರಿಂದ ಒಂದು ನಾಟಕ ಕಂಪನಿಯ ನಟನೂ ಪಾಲುದಾರನೂ ಆಗಿದ್ದನು. ಲಾರ್ಡ್ ಚೇಂಬರ್ಲಿನ್ ಎಂಬ ಅರಮನೆಯ ಅಧಿಕಾರಿಯ ಆಶ್ರಯದಲ್ಲಿದ್ದ ಈ ಕಂಪನಿ 1603ರಲ್ಲಿ ದೊರೆಯ ಆಶ್ರಯಕ್ಕೆ ಬಂದಿತು. ಇಲ್ಲಿ ಪಾಲುದಾರರೆಂದರೆ ಹಣ ಹೂಡಿ ದೂರದಲ್ಲಿ ಕುಳಿತವರಲ್ಲ. ಮುಖ್ಯ ನಟರೇ ಪಾಲುದಾರರು, ಬಂದ ಹಣವನ್ನು ಹಂಚಿಕೊಳ್ಳುವವರೂ ಅವರೇ. 1616ರಲ್ಲಿ ಬರೆಯಿಸಿದ ತನ್ನ ಮರಣಶಾಸನದಲ್ಲಿ ಕವಿಯು ಹೆಮಿಂಗ್ಸ್, ಬರ್ಬೇಜ್, ಕಾಂಡೆಲ್ ಎಂಬ ಮೂವರು ಸಹನಟರಿಗೆ ಸ್ಮರಣೆಯ ಉಂಗುರಗಳಿಗಾಗಿ ತಲಾ 26 ಷಿಲಿಂಗ್ 8 ಪೆನ್ಸ್ ಬಿಟ್ಟನು. ಅವರಲ್ಲಿ ಹೆಮಿಂಗ್ಸ್ ಮತ್ತು ಕಾಂಡೆಲ್ ಇಬ್ಬರೂ 1623ರಲ್ಲಿ ಅವನ 36 ನಾಟಕಗಳ ಸಂಪುಟವನ್ನು ಹೊರತಂದರು. ಅದುವರೆಗೆ ಅಚ್ಚಾಗದಿದ್ದ ‘ಮ್ಯಾಕ್‌ಬೆತ್’, ‘ಟೆಂಪೆಸ್ಟ್’ನಂಥ ನಾಟಕಗಳು ಉಳಿದು ಬಂದದ್ದು ಆ ಸಂಪುಟದಿಂದ. ಕಂಪನಿ ಎಂಬ ಶಬ್ದಕ್ಕೆ ಇದಕ್ಕಿಂತ ಉದಾತ್ತವಾದ ಭಾಷ್ಯ ಬೇಕಿಲ್ಲ.

ಸಂಗಾತಿಗಳಿಂದ ಬಂಡವಾಳಕ್ಕೆ

ಷೇಕ್ಸ್‌ಪಿಯರನ ಕಾಲದಲ್ಲಿಯೇ ಈ ಶಬ್ದದ ದಾರಿ ಕವಲೊಡೆಯಿತು. ಹೊರದೇಶದ ವ್ಯಾಪಾರಕ್ಕೆ ಹೊರಟ ಇಂಗ್ಲಿಷ್ ವರ್ತಕರು ಎರಡು ಬಗೆಯ ಕಂಪನಿಗಳನ್ನು ಕಟ್ಟಿದರು. ಮೊದಲನೆಯ ಬಗೆಯಲ್ಲಿ ಸದಸ್ಯರೆಲ್ಲ ಒಂದೇ ನಿಯಮಕ್ಕೆ ಒಳಪಟ್ಟಿದ್ದರೂ ವ್ಯಾಪಾರವನ್ನು ತಮ್ಮ ತಮ್ಮ ಹಣದಿಂದ ತಾವೇ ನಡೆಸುತ್ತಿದ್ದರು. ಎರಡನೆಯದು ಕೂಡುಬಂಡವಾಳದ ಕಂಪನಿ. ಇಲ್ಲಿ ಹಣವನ್ನು ಒಂದೆಡೆ ರಾಶಿ ಹಾಕಿ ಕೆಲವರ ಕೈಗೆ ಒಪ್ಪಿಸುವುದು, ಲಾಭವನ್ನು ಪಾಲಿನ ಪ್ರಮಾಣದಲ್ಲಿ ಪಡೆಯುವುದು. 1555ರಲ್ಲಿ ಸನ್ನದು ಪಡೆದ ಮಸ್ಕೊವಿ ಕಂಪನಿ ಈ ಎರಡನೆಯ ಬಗೆಯ ಮೊದಲಿಗರಲ್ಲಿ ಒಂದು. ಮುಂದೆ ಆಡಮ್ ಸ್ಮಿತ್ ತನ್ನ ಪ್ರಸಿದ್ಧ ಅರ್ಥಶಾಸ್ತ್ರ ಗ್ರಂಥದಲ್ಲಿ ಈ ಎರಡು ಬಗೆಗಳ ಭೇದವನ್ನು ವಿಸ್ತಾರವಾಗಿ ವಿವೇಚಿಸಿದನು. ಪರರ ಹಣವನ್ನು ನಿರ್ವಹಿಸುವವನಿಗೆ ತನ್ನ ಹಣದ ಮೇಲಿರುವಷ್ಟು ಎಚ್ಚರ ಇರುವುದಿಲ್ಲವೆಂಬುದು ಅವನ ಆಕ್ಷೇಪದ ಸಾರ.

1600ನೆಯ ಡಿಸೆಂಬರ್ 31ರಂದು ರಾಣಿ ಎಲಿಜಬೆತ್ ಲಂಡನ್ನಿನ ವರ್ತಕರ ಒಂದು ಕೂಟಕ್ಕೆ ಪೂರ್ವದೇಶಗಳ ವ್ಯಾಪಾರದ ಏಕಸ್ವಾಮ್ಯವನ್ನು ಹದಿನೈದು ವರ್ಷಗಳ ಅವಧಿಗೆ ದಯಪಾಲಿಸಿದಳು. ಅದೇ ಈಸ್ಟ್ ಇಂಡಿಯಾ ಕಂಪನಿ. ಮೊದಮೊದಲು ಒಂದೊಂದು ನೌಕಾಯಾತ್ರೆಗೆ ಪ್ರತ್ಯೇಕವಾಗಿ ಹಣ ಕೂಡಿಸಿ, ಹಡಗು ಮರಳಿದ ಮೇಲೆ ಲೆಕ್ಕ ಹರಿಸುವ ಪದ್ಧತಿಯಿತ್ತು. 1657ರ ಸುಮಾರಿಗೆ ಬಂಡವಾಳ ಶಾಶ್ವತವಾಯಿತು. ಪಾಲನ್ನು ಕೊಂಡವನು ಅದನ್ನು ಇನ್ನೊಬ್ಬನಿಗೆ ಮಾರಬಹುದಾಗಿತ್ತು. ಮಾರಿದವನೂ ಕೊಂಡವನೂ ಪರಸ್ಪರ ಪರಿಚಿತರಾಗಿರಬೇಕಾದ ಅಗತ್ಯವಿರಲಿಲ್ಲ. ಜನ ಬದಲಾದರೂ ಕಂಪನಿ ಬದಲಾಗದು; ಜನ ಸತ್ತರೂ ಅದು ಸಾಯದು. ಕಾನೂನಿನ ದೃಷ್ಟಿಯಲ್ಲಿ ಅದೇ ಒಂದು ವ್ಯಕ್ತಿಯಾಯಿತು. 1612ರ ಒಂದು ಪ್ರಕರಣದಲ್ಲಿ ನ್ಯಾಯಾಧೀಶ ಎಡ್ವರ್ಡ್ ಕೋಕ್ ಇಂಥ ಕಾನೂನುಜನ್ಯ ವ್ಯಕ್ತಿಯ ಲಕ್ಷಣವನ್ನು ನಿರೂಪಿಸುತ್ತ, ಅದು ಕಣ್ಣಿಗೆ ಕಾಣದು, ಮರಣವಿಲ್ಲದ್ದು, ಅದಕ್ಕೆ ಆತ್ಮವಿಲ್ಲವಾದುದರಿಂದ ಧರ್ಮಪೀಠವು ಅದನ್ನು ಬಹಿಷ್ಕರಿಸಲೂ ಆಗದು ಎಂಬ ಅಭಿಪ್ರಾಯ ಕೊಟ್ಟನು. ಸಾವಿಲ್ಲದಿರುವಿಕೆಯು ಆತ್ಮದ ಲಕ್ಷಣವೆಂದು ನಾವು ಬಲ್ಲೆವು. ಆತ್ಮವಿಲ್ಲದೆಯೂ ಸಾವಿಲ್ಲದ ವಸ್ತುವೊಂದನ್ನು ಕಾನೂನು ಸೃಷ್ಟಿಸಿತು.

ಬಂಗಾಳದ ಸಾಕ್ಷ್ಯ

1765ರ ಆಗಸ್ಟ್ 12ರಂದು ಮೊಗಲ ಬಾದಶಹ ಎರಡನೆಯ ಷಾ ಆಲಮ್ ಬಂಗಾಳ, ಬಿಹಾರ, ಒರಿಸ್ಸಾಗಳ ದಿವಾನಿಯನ್ನು, ಅಂದರೆ ಕಂದಾಯ ವಸೂಲಿಯ ಅಧಿಕಾರವನ್ನು, ಕಂಪನಿಗೆ ಒಪ್ಪಿಸಿದನು. ವ್ಯಾಪಾರಕ್ಕೆ ಬಂದವರು ರೈತನ ಕಣಜದ ಬಾಗಿಲಿಗೆ ಬಂದು ನಿಂತರು. ಕೆಲವೇ ವರ್ಷಗಳಲ್ಲಿ, 1769ರಲ್ಲಿ ಮಳೆ ಕೈಕೊಟ್ಟು, 1770ರಲ್ಲಿ ಬಂಗಾಳವು ಘೋರವಾದ ಕ್ಷಾಮಕ್ಕೆ ತುತ್ತಾಯಿತು. 1772ರಲ್ಲಿ ಗವರ್ನರ್ ವಾರನ್ ಹೇಸ್ಟಿಂಗ್ಸ್ ಲಂಡನ್ನಿನ ನಿರ್ದೇಶಕರಿಗೆ ಕಳಿಸಿದ ವರದಿಯಲ್ಲಿ ಪ್ರಾಂತದ ಜನರಲ್ಲಿ ಕನಿಷ್ಠ ಮೂರನೆಯ ಒಂದು ಪಾಲು ನಾಶವಾಯಿತೆಂದು ಬರೆದನು. ಅಷ್ಟಾದರೂ 1771ರ ಕಂದಾಯ ವಸೂಲಿಯು ಕ್ಷಾಮಕ್ಕೆ ಮುಂಚಿನ 1768ರ ವಸೂಲಿಯನ್ನೂ ಮೀರಿತೆಂಬುದು ಅದೇ ವರದಿಯಲ್ಲಿದೆ.

ಅದು ಹೇಗೆ ಸಾಧ್ಯವಾಯಿತೆಂಬುದಕ್ಕೂ ವರದಿಯಲ್ಲಿಯೇ ಉತ್ತರವಿದೆ. ವಸೂಲಿಯನ್ನು ಬಲಾತ್ಕಾರದಿಂದ ಹಳೆಯ ಮಟ್ಟದಲ್ಲಿಯೇ ನಿಲ್ಲಿಸಲಾಯಿತು. ‘ನಾಜೈ’ ಎಂಬ ಹೆಸರಿನ ಒಂದು ತೆರಿಗೆಯ ಮೂಲಕ, ಸತ್ತುಹೋದ ಅಥವಾ ಊರು ಬಿಟ್ಟುಹೋದ ನೆರೆಯವರ ಬಾಕಿಯನ್ನು ಬದುಕಿ ಉಳಿದವರ ಮೇಲೆ ಹೊರಿಸಲಾಯಿತು. ಇದು ಕಂಪನಿಯೇ ಹೊಸದಾಗಿ ಕಂಡುಹಿಡಿದ ತೆರಿಗೆಯಲ್ಲ, ಮೊದಲಿನಿಂದ ಇದ್ದ ರೂಢಿಯೆಂಬ ಸಮಾಧಾನವನ್ನೂ ಹೇಸ್ಟಿಂಗ್ಸ್ ಕೊಟ್ಟಿದ್ದಾನೆ. ಆದರೆ ಮೂರರಲ್ಲೊಬ್ಬ ಸತ್ತ ನಾಡಿನಲ್ಲಿ ಆ ರೂಢಿಯನ್ನು ನಡೆಸಿದರೆ ಏನಾಗುವುದೆಂಬುದನ್ನು ಓದುಗರೇ ಊಹಿಸಬಹುದು. ಇತ್ತ ಲಂಡನ್ನಿನಲ್ಲಿ 1771ರ ಹೊತ್ತಿಗೆ ಪಾಲುದಾರರಿಗೆ ನೂರಕ್ಕೆ ಹನ್ನೆರಡೂವರೆಯ ಲಾಭಾಂಶ ದೊರೆಯುತ್ತಿತ್ತು.

ಇಲ್ಲಿ ಶಬ್ದದ ಚರಿತ್ರೆಯು ತಲೆಕೆಳಗಾಗಿ ನಿಂತಿದೆ. ರೊಟ್ಟಿಯನ್ನು ಹಂಚಿಕೊಳ್ಳುವವರೆಂಬ ಹೆಸರನ್ನು ಹೊತ್ತ ಸಂಸ್ಥೆಯು ಹಸಿವನ್ನು ಮಾತ್ರ ಹಂಚಿತು. ಹೆಸರು ಸಂಗಾತಿಯದು, ನಡತೆ ಒಡೆಯನದು. ಹಳೆಯ ಒಡೆಯನಿಗೆ ರೊಟ್ಟಿಯನ್ನು ಕಾಯ್ದು ಆಳುಗಳಿಗೆ ಉಣಿಸಬೇಕಾದ ಹೊಣೆಯಾದರೂ ಇತ್ತು. ಈ ಒಡೆಯನಿಗೆ ಅದೂ ಇರಲಿಲ್ಲ. ಆ ಪಾಲುದಾರರೆಲ್ಲರೂ ಕ್ರೂರಿಗಳಾಗಿದ್ದರೆಂದು ಹೇಳಲಾಗದು. ಅವರಲ್ಲಿ ಅನೇಕರು ತಮ್ಮ ಊರಿನಲ್ಲಿ ಸಜ್ಜನರೆಂದು ಹೆಸರು ಪಡೆದಿರಬಹುದು. ಆದರೆ ಹಸಿದವನ ಮುಖ ಅವರಿಗೆ ಕಾಣುತ್ತಿರಲಿಲ್ಲ. ಕಾಣುತ್ತಿದ್ದುದು ಲಾಭಾಂಶದ ಅಂಕೆ ಮಾತ್ರ. ಎದುರುಬದುರು ಕುಳಿತು ಉಣ್ಣುವ ಪಂಕ್ತಿಯಲ್ಲಿ ಇನ್ನೊಬ್ಬನ ಎಲೆ ಬರಿದಾಗಿದ್ದರೆ ಕಣ್ಣಿಗೆ ಬೀಳದೆ ಇರದು. ಕಂಪನಿಯ ಹೊಸ ರೂಪದಲ್ಲಿ ಇಲ್ಲವಾದದ್ದು ಆ ಎದುರುಬದುರು.

ಮುಂದಿನದು ತಿಳಿದ ಕಥೆ. 1772ರಲ್ಲಿ ಕಂಪನಿಯೇ ಸಾಲಕ್ಕಾಗಿ ಸರಕಾರದ ಮೊರೆಹೋಗಬೇಕಾಯಿತು. 1773ರಲ್ಲಿ ಪಾರ್ಲಿಮೆಂಟು ಅದರ ಮೇಲೆ ಮೊದಲ ಹಿಡಿತವನ್ನು ಹಾಕಿತು. 1813ರಲ್ಲಿ ಭಾರತದ ವ್ಯಾಪಾರದ ಏಕಸ್ವಾಮ್ಯ ಹೋಯಿತು, 1833ರ ಶಾಸನದಿಂದ ವ್ಯಾಪಾರವೇ ನಿಂತಿತು, 1858ರಲ್ಲಿ ರಾಜ್ಯಾಧಿಕಾರ ರಾಣಿಗೆ ಸೇರಿತು. 1874ನೆಯ ಜೂನ್ 1ರಂದು ಕಂಪನಿ ವಿಸರ್ಜನೆಗೊಂಡಿತು. ಅದು ಹೋದ ಮೇಲೆ 1878ರಲ್ಲಿ ರಾಣಿಯ ಸರಕಾರ ಭಾರತದಲ್ಲಿ ಹೊಸದೊಂದು ಬಿರುದಿನ ಶ್ರೇಣಿಯನ್ನು ಸ್ಥಾಪಿಸಿ, ಅದನ್ನು ಪಡೆದವರನ್ನು ‘ಕಂಪಾನಿಯನ್’ ಎಂದು ಕರೆಯಿತು. ಕೂಡಿ ಉಣ್ಣುವವನು ಎಂಬ ಆ ಪ್ರಾಚೀನ ಶಬ್ದ ಹೀಗೆ ಆಳರಸರು ಎದೆಗೆ ಸಿಕ್ಕಿಸುವ ಪದಕವೂ ಆಯಿತು.

ಕನ್ನಡದ ಕಿವಿ

ಕನ್ನಡ ನಾಡಿನ ಭಾಗಗಳು ಕಂಪನಿಯ ಆಳ್ವಿಕೆಗೆ ಒಂದೊಂದಾಗಿ ಒಳಪಟ್ಟವು: 1799ರಲ್ಲಿ ಶ್ರೀರಂಗಪಟ್ಟಣದ ಪತನದೊಡನೆ ಕರಾವಳಿ, 1800ರಲ್ಲಿ ಬಳ್ಳಾರಿಯ ಪ್ರದೇಶ, 1818ರಲ್ಲಿ ಪೇಶ್ವೆಯ ಪತನದೊಡನೆ ಧಾರವಾಡದ ಸೀಮೆ. 1831ರಲ್ಲಿ ಮೈಸೂರಿನ ಆಡಳಿತವೂ ಅದರ ಕೈಸೇರಿತು. ಜನರ ಬಾಯಲ್ಲಿ ಅದು ‘ಕುಂಪಣಿ’ಯಾಯಿತು. ವರ್ತಕರ ಕೂಟಕ್ಕೆ ನಮ್ಮಲ್ಲಿ ಶ್ರೇಣಿ, ನಕರ, ಸಂಘ ಮೊದಲಾದ ಹಳೆಯ ಹೆಸರುಗಳಿದ್ದರೂ ಯಾರೂ ಕಂಪನಿಯನ್ನು ಆ ಹೆಸರುಗಳಿಂದ ಕರೆಯಲಿಲ್ಲ. ಕರೆಯದಿದ್ದುದು ಸಹಜ. ಜನರು ಕಂಡದ್ದು ವರ್ತಕರ ಕೂಟವನ್ನಲ್ಲ. ಕಂದಾಯ ಕೇಳುವ, ಆಯುಧ ಕಸಿಯುವ, ಗಲ್ಲಿಗೇರಿಸುವ ಒಂದು ಪ್ರಭುತ್ವವನ್ನು. ‘ಸರಕಾರ’ವೆಂಬುದು ಅದರ ಬಾಲವಾಗಿ ಸೇರಿಕೊಂಡು ‘ಕುಂಪಣಿ ಸರಕಾರ’ ಎಂಬ ಜೋಡುನುಡಿ ಹುಟ್ಟಿತು. ಕಿತ್ತೂರಿನ 1824ರ ಹೋರಾಟವನ್ನು, ಹಲಗಲಿಯ ಬೇಡರ 1857ರ ದಂಗೆಯನ್ನು ಜನಪದವು ನೆನೆಯುವಾಗ ಈ ನುಡಿ ಹೊರಡಿಸುವ ಧ್ವನಿಯನ್ನು ಯಾವ ನಿಘಂಟೂ ಹಿಡಿದುಕೊಡಲಾರದು. ರೊಟ್ಟಿಯ ಮೂಲವನ್ನು ನಮ್ಮ ಜನ ಅರಿತಿರಲಿಲ್ಲ. ಆದರೆ ಶಬ್ದವು ಆಗ ಎಲ್ಲಿಗೆ ಮುಟ್ಟಿತ್ತೆಂಬುದನ್ನು ಚೆನ್ನಾಗಿ ಅರಿತಿದ್ದರು.

ಅದೇ ಶಬ್ದ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇನ್ನೊಂದು ಬಾಗಿಲಿನಿಂದ ಕನ್ನಡವನ್ನು ಪ್ರವೇಶಿಸಿತು. ಊರಿಂದೂರಿಗೆ ಸಾಗುತ್ತಿದ್ದ ವೃತ್ತಿನಾಟಕ ತಂಡಗಳಿಗೆ ಜನ ‘ಕಂಪನಿ’ ಎಂದರು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿ, ಮುಂದೆ ವೀರಣ್ಣನವರ ಕೈಯಲ್ಲಿ ನಾಡಿನಾದ್ಯಂತ ಪ್ರಸಿದ್ಧಿಗೆ ಬಂದ ತಂಡದ ಹೆಸರಿನಲ್ಲಿ ಇರುವುದು ಶ್ರೀ ಚನ್ನಬಸವೇಶ್ವರ ನಾಟಕ ‘ಸಂಘ’ವೆಂದೇ. ಜನರು ಮಾತ್ರ ‘ಗುಬ್ಬಿ ಕಂಪನಿ’ ಎಂದರು. ಅಂಥ ಕಂಪನಿಗಳೆಂದರೆ ಹಲವು ಜಾತಿಮತಗಳ ನಟರು, ವಾದ್ಯಗಾರರು, ಪರದೆ ಬರೆಯುವವರು, ಅಡಿಗೆಯವರು ಕೂಡಿ ಬದುಕುವ ಸಂಚಾರಿ ಸಂಸಾರಗಳು. ಮಳೆ ಹಿಡಿದು ಆಟ ನಿಂತರೆ ಎಲ್ಲರಿಗೂ ಒಂದೇ ಕಷ್ಟ, ಆಟ ಕಟ್ಟಿದರೆ ಎಲ್ಲರಿಗೂ ಒಂದೇ ಸಂಭ್ರಮ. ರಾಜಕುಮಾರ್, ನರಸಿಂಹರಾಜು, ಬಿ.ವಿ. ಕಾರಂತರಂಥವರು ಗುಬ್ಬಿ ಕಂಪನಿಯ ಅನ್ನವುಂಡು ಕಲೆಯನ್ನು ಕಲಿತವರೇ. ‘ಕಂಪನಿ ನಾಟಕ’ವೆಂಬುದು ಒಂದು ಪ್ರಕಾರದ ಹೆಸರಾಗಿಯೇ ನಮ್ಮ ಸಾಹಿತ್ಯಚರಿತ್ರೆಯಲ್ಲಿ ನಿಂತಿದೆ.

ಹೀಗೆ ಕನ್ನಡದಲ್ಲಿ ಒಂದೇ ಶಬ್ದಕ್ಕೆ ಎರಡು ಉಚ್ಚಾರಣೆಗಳು ಉಳಿದವು. ಭಯದ ನೆನಪಿಗೆ ‘ಕುಂಪಣಿ’, ಸಂಭ್ರಮದ ನೆನಪಿಗೆ ‘ಕಂಪನಿ’. ಇಂಗ್ಲಿಷಿನವರು ಎರಡಕ್ಕೂ ಒಂದೇ ರೂಪವನ್ನು ಬಳಸಿ ಭೇದವನ್ನು ಸಂದರ್ಭಕ್ಕೆ ಬಿಟ್ಟರು. ಯಾವ ವಿದ್ವಾಂಸನೂ ಕುಳಿತು ವಿಧಿಸದೆ ಜನರ ರೂಢಿಯಿಂದಲೇ ಏರ್ಪಟ್ಟ ನಮ್ಮ ಈ ವಿವೇಕ ಗಮನಾರ್ಹವಾದದ್ದು. ನಾಟಕದ ಕಂಪನಿಯನ್ನು ಯಾರೂ ‘ಗುಬ್ಬಿ ಕುಂಪಣಿ’ ಎನ್ನುವುದಿಲ್ಲ.

ಒಬ್ಬನೇ ಇರುವ ಕಂಪನಿ

ಹಳೆಯ ಕುಂಪಣಿ ಅಳಿಯುತ್ತಿದ್ದ ಕಾಲದಲ್ಲಿಯೇ ಹೊಸ ಕಂಪನಿಗಳ ಯುಗ ಆರಂಭವಾಯಿತು. ಇಂಗ್ಲೆಂಡಿನಲ್ಲಿ 1844ರ ಶಾಸನದಿಂದ ಸನ್ನದಿಲ್ಲದೆ ನೋಂದಣಿಯಿಂದಲೇ ಕಂಪನಿ ಸ್ಥಾಪಿಸುವುದು ಸಾಧ್ಯವಾಯಿತು. 1855ರ ಶಾಸನವು ಪರಿಮಿತ ಹೊಣೆಯ ತತ್ತ್ವವನ್ನು ಒಪ್ಪಿತು. ಪಾಲುದಾರನು ತಾನು ಒಪ್ಪಿದ ಮೊತ್ತಕ್ಕಷ್ಟೇ ಹೊಣೆ. ಕಂಪನಿಯ ಸಾಲಕ್ಕಾಗಿ ಅವನ ಮನೆಯನ್ನು ಮುಟ್ಟುವಂತಿಲ್ಲ. ಭಾರತದಲ್ಲಿ ಈ ತತ್ತ್ವ ಕಾನೂನಾದದ್ದು 1857ರಲ್ಲಿ, ಕುಂಪಣಿಯ ವಿರುದ್ಧ ದೇಶ ದಂಗೆಯೆದ್ದ ವರ್ಷದಲ್ಲಿಯೇ. ಇದರಿಂದಾದ ಉಪಕಾರವನ್ನು ಅಲ್ಲಗಳೆಯಬಾರದು. ರೈಲುಮಾರ್ಗ, ಗಿರಣಿ, ಬ್ಯಾಂಕುಗಳಂಥ ದೊಡ್ಡ ಕೆಲಸಗಳಿಗೆ ಸಾಮಾನ್ಯರೂ ಭಯವಿಲ್ಲದೆ ಹಣ ಹೂಡಲು ಇದರಿಂದ ಅನುಕೂಲವಾಯಿತು. ಆದರೆ ಫ್ಲಾರೆನ್ಸಿನ ಪಾಲುದಾರರು ಮನೆಮಾರನ್ನೂ ಪಣಕ್ಕಿಟ್ಟಿದ್ದುದನ್ನು ನೆನೆದರೆ ಶಬ್ದವು ಎಷ್ಟು ದೂರ ನಡೆದುಬಂದಿತೆಂಬುದು ತಿಳಿಯುತ್ತದೆ.

ಲಂಡನ್ನಿನಲ್ಲಿ ಆರನ್ ಸಾಲೊಮನ್ ಎಂಬ ಪಾದರಕ್ಷೆ ತಯಾರಕನಿದ್ದನು. 1892ರಲ್ಲಿ ಅವನು ತನ್ನ ವ್ಯಾಪಾರವನ್ನು ಕಂಪನಿಯಾಗಿ ಮಾರ್ಪಡಿಸಿದನು. ಕಾನೂನಿನಂತೆ ಏಳು ಜನ ಸದಸ್ಯರು ಬೇಕು. ಹೆಂಡತಿ, ಮಗಳು, ನಾಲ್ವರು ಗಂಡುಮಕ್ಕಳು ತಲಾ ಒಂದೊಂದು ಪಾಲು ಪಡೆದರು. ಕೊನೆಗೆ ಅವನ ಪಾಲು 20,001. ವ್ಯಾಪಾರ ಬೇಗನೆ ಮುಳುಗಿತು. ಇದು ಕಂಪನಿಯಲ್ಲ, ಸಾಲೊಮನ್ನನ ನೆರಳು. ಸಾಲವನ್ನು ಅವನೇ ತೀರಿಸಬೇಕೆಂದು ಸಾಲಿಗರ ಪರವಾಗಿ ವಾದ ಹೂಡಲಾಯಿತು. 1896ರ ಕೊನೆಯಲ್ಲಿ ಬ್ರಿಟನ್ನಿನ ಅತ್ಯುಚ್ಚ ನ್ಯಾಯಪೀಠವಾದ ಹೌಸ್ ಆಫ್ ಲಾರ್ಡ್ಸ್ ಆ ವಾದವನ್ನು ತಳ್ಳಿಹಾಕಿತು. ಕಂಪನಿ ಬೇರೆ, ಸಾಲೊಮನ್ ಬೇರೆ. ಒಬ್ಬರ ಸಾಲಕ್ಕೆ ಇನ್ನೊಬ್ಬರು ಹೊಣೆಯಲ್ಲ. ಇಂದಿಗೂ ಕಂಪನಿ ಕಾನೂನಿನ ಅಸ್ತಿಭಾರ ಈ ತೀರ್ಪೇ. ಸಾಲೊಮನ್ನನಾದರೂ ಹೆಸರಿಗೆ ಏಳು ಜನರನ್ನು ಕೂಡಿಸಬೇಕಾಗಿತ್ತು. ಭಾರತದ 2013ರ ಕಂಪನಿ ಶಾಸನವು ಒಬ್ಬನೇ ಸದಸ್ಯನಿರುವ ಕಂಪನಿಗೂ ಮಾನ್ಯತೆ ಕೊಟ್ಟಿದೆ. ಸಣ್ಣ ಉದ್ಯಮಿಗೆ ಅದರಿಂದ ಪ್ರಯೋಜನವಿರುವುದು ನಿಜ. ಆದರೆ ಶಬ್ದಾರ್ಥದ ದೃಷ್ಟಿಯಿಂದ ನೋಡಿದರೆ, ಕೂಡಿ ಉಣ್ಣುವವರ ಪಂಕ್ತಿಯೊಂದು ಕುಗ್ಗಿ ಕುಗ್ಗಿ ಕೊನೆಗೆ ಒಬ್ಬನ ಎಲೆಯಷ್ಟೇ ಉಳಿಯಿತು.

ಇಷ್ಟರಿಂದ ಶಬ್ದವು ಕೆಟ್ಟಿತೆಂದು ಹಳಹಳಿಸುವುದು ಶಾಸ್ತ್ರದೃಷ್ಟಿಯಲ್ಲ. ಮೂಲಾರ್ಥವೇ ನಿಜಾರ್ಥವೆಂದು ಹಟ ಹಿಡಿದರೆ ಯಾವ ಭಾಷೆಯೂ ಬಾಳಲಾರದು. ವ್ಯುತ್ಪತ್ತಿಯು ಶಬ್ದದ ತೊಟ್ಟಿಲನ್ನು ತೋರಿಸುತ್ತದೆ, ಅದರ ನಡತೆಗೆ ಜಾಮೀನು ನಿಲ್ಲುವುದಿಲ್ಲ. ಕಂಪನಿ ಎಂಬ ಹೆಸರಿನಿಂದಲೇ ಒಂದು ಸಂಸ್ಥೆ ಒಳ್ಳೆಯದಾಗುವುದಿಲ್ಲ, ಕೆಟ್ಟದ್ದೂ ಆಗುವುದಿಲ್ಲ. ಷೇಕ್ಸ್‌ಪಿಯರನ ಹಸ್ತಪ್ರತಿಗಳನ್ನು ಕಾಪಾಡಿದವರೂ ಬಂಗಾಳದಲ್ಲಿ ಸತ್ತವರ ಬಾಕಿಯನ್ನು ಬದುಕಿದವರಿಂದ ಕಿತ್ತವರೂ ಇದೇ ಹೆಸರಿನವರು. ಭೇದವಿರುವುದು ಎರಡು ಪ್ರಶ್ನೆಗಳಲ್ಲಿ: ಇಲ್ಲಿ ಕೂಡಿದವರು ಒಬ್ಬರ ಮುಖವನ್ನೊಬ್ಬರು ಬಲ್ಲರೆ? ಲಾಭವನ್ನು ಹಂಚಿಕೊಳ್ಳುವವರು ಹೊಣೆಯನ್ನೂ ಹಂಚಿಕೊಳ್ಳುತ್ತಾರೆಯೆ?

ಇದು ಲಂಡನ್ನಿನ ವರ್ತಕರಿಗೆ ಮಾತ್ರ ಕೇಳಬೇಕಾದ ಪ್ರಶ್ನೆಯಲ್ಲ. ಸಂಘ, ಸಮಾಜ, ಮಂಡಳಿ, ಸಹಕಾರ ಎಂಬ ನಮ್ಮ ಶಬ್ದಗಳೂ ಕೂಡಿ ಬಾಳುವ ಆಶಯದಿಂದಲೇ ಹುಟ್ಟಿದವು. ಅವುಗಳನ್ನು ಫಲಕದ ಮೇಲೆ ಬರೆಯಿಸುವುದು ಸುಲಭ. ಫಲಕದ ಕೆಳಗಿನ ಬಾಗಿಲನ್ನು ದಾಟಿ ಒಳಗೆ ಹೋದವನಿಗೆ ಪಂಕ್ತಿಯಲ್ಲಿ ಎಡೆಯುಂಟೋ ಇಲ್ಲವೋ ಎಂಬುದರಿಂದಲೇ ಆ ಶಬ್ದಗಳ ಅರ್ಥವನ್ನು ನಮ್ಮ ಮುಂದಿನವರು ಬರೆದುಕೊಳ್ಳುತ್ತಾರೆ.